ಸೂಜಿ ತೆಗೆದ ಕೈ

ಬೆತ್‌ಸೈದಾ ಬ್ಯಾಪ್ಟಿಸ್ಟ್ ಚರ್ಚಿನ ಹಿಂದಿನ ಅಂಗಳದಲ್ಲಿ ಕಾರು ನಿಲ್ಲಿಸಿದ ಮೇಲೂ ವರ್ನೆಟಾ ಟಿಲ್ಲರಿ ಇಳಿಯಲಿಲ್ಲ. ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು ಬಲಗೈಯ ಹೆಬ್ಬೆರಳನ್ನು ನೋಡುತ್ತ ಕೂತಳು. ಐವತ್ತೆಂಟು ವರ್ಷದ ಬೆರಳು. ಉಗುರಿನ ಪಕ್ಕ ಒಣಗಿ ಸಿಪ್ಪೆಯೆದ್ದ ಕಪ್ಪು ಚರ್ಮ, ಅಷ್ಟೆ. ಒಂದೇ ವಾರದಲ್ಲಿ ಏಳುನೂರು ಗುಂಡುಸೂಜಿ ಕಿತ್ತ ಬೆರಳಿನಲ್ಲಿ ಒಂದಾದರೂ ಗುರುತು ಉಳಿಯಬೇಕಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದೆ. ಚರ್ಚಿನ ನೆಲಮಾಳಿಗೆಯ ಕಿಟಕಿಯಿಂದ ಬಿಸ್ಕೆಟ್ ಎಂಬ ಮೆತ್ತನೆಯ ಬನ್ನು ಬೇಯುವ ವಾಸನೆ, ಸಾಸೇಜ್ ಹುರಿಯುವ ಸದ್ದು, ಹೆಂಗಸರ ನಗು ಬರುತ್ತಿದ್ದವು. ಶನಿವಾರ ಬೆಳಗಿನ ಎಂಟೂವರೆ. ಕರ್ತನೇ, ಒಳಗೆ ಹೋಗುವಷ್ಟು ಕಾಲು ಕೊಡು, ಬಾಯಿಯ ವಿಷಯ ಆಮೇಲೆ ನೋಡಿಕೊಳ್ಳೋಣ, ಎಂದು ಅವಳು ಪ್ರಾರ್ಥಿಸಿದಳು. ಅವಳ ತಾಯಿ ಹೀಗೆಯೇ ದೇವರೊಡನೆ ಒಂದೊಂದೇ ತುಂಡಾಗಿ ಮಾತಾಡುತ್ತಿದ್ದಳು. ಇಡೀ ದಿನವನ್ನು ಒಟ್ಟಿಗೆ ಕೇಳುವುದು ದುರಾಸೆ ಎನ್ನುತ್ತಿದ್ದಳು.

ಅವಳ ವೃತ್ತಿಯವರಿಗೆ ದೇಶಕ್ಕೆಲ್ಲ ಸೇರಿ ಒಂದು ಸಂಘವಿದೆ. ಹಳೆಯ ಕಾಗದಗಳನ್ನು ಕಾಯುವ ಪತ್ರಪಾಲಕರ ಸಂಘ. ಅದರೊಳಗೆ ಬಿಳಿಯರಲ್ಲದ ಪತ್ರಪಾಲಕರಿಗೆ ಒತ್ತಾಸೆಯಾಗಿ ನಿಲ್ಲುವ ಒಂದು ಸಣ್ಣ ಸಮಿತಿ. ಸಂಬಳವಿಲ್ಲ, ಕೋಣೆಯಿಲ್ಲ, ಶನಿವಾರಗಳು ಮಾತ್ರ ಇವೆ. ಕೆಲಸಕ್ಕೆ ಹೊಸದಾಗಿ ಸೇರಿದ ಒಬ್ಬೊಬ್ಬರ ಕೈಯನ್ನೂ ಹಳಬರೊಬ್ಬರ ಕೈಗೆ ಕೊಡುವುದು ಅದರ ಮುಖ್ಯ ಕೆಲಸ. ಹದಿನೆಂಟು ವರ್ಷದ ಹಿಂದೆ ಸಂಘದ ವಾರ್ಷಿಕ ಸಭೆಯಲ್ಲಿ, ಹೋಟೆಲಿನ ಶೌಚಾಲಯದಲ್ಲಿ ಒಬ್ಬ ಹುಡುಗಿ ಅಳುತ್ತಿದ್ದಳು. ಯಾರೋ ಹಿರಿಯ ವಿದ್ವಾಂಸರು ಅವಳನ್ನು ಬಡಿಸುವವಳೆಂದುಕೊಂಡು ಉಂಡ ತಟ್ಟೆಯನ್ನು ಅವಳ ಕೈಗೆ ಕೊಟ್ಟಿದ್ದರು. ವರ್ನೆಟಾ ಅವಳ ಬೆನ್ನು ಸವರುತ್ತ, ನನಗೂ ಹಾಗೇ ಆಗಿತ್ತು ಎಂದಳು. ಆದರೆ ತಾನು ತನಗೆ ಕೊಟ್ಟ ತಟ್ಟೆಯನ್ನು ಮರುಮಾತಿಲ್ಲದೆ ಒಯ್ದು ಅಡುಗೆಮನೆಯಲ್ಲಿ ಇಟ್ಟು ಬಂದಿದ್ದೆ, ಬರುವಾಗ ದಾರಿಯಲ್ಲಿ ಸಿಕ್ಕ ಇನ್ನೊಂದು ಲೋಟವನ್ನೂ ಎತ್ತಿಕೊಂಡಿದ್ದೆ ಎಂಬುದನ್ನು ಹೇಳಲಿಲ್ಲ. ಆ ರಾತ್ರಿಯೇ ಸಮಿತಿಯ ನಿಯಮ ಹುಟ್ಟಿತು, ಅವಳೇ ಹುಟ್ಟಿಸಿದ್ದು: ಹೊಸಬರಿಗೆ ಬುದ್ಧಿ ಹೇಳುವ ಮೊದಲು ಪ್ರತಿಯೊಬ್ಬ ಹಳಬರೂ ತಾವು ಕೆಲಸದಲ್ಲಿ ಮಾಡಿದ ಒಂದು ತಪ್ಪನ್ನು ಎಲ್ಲರೆದುರು ಹೇಳಬೇಕು. ಮೊದಲು ತಪ್ಪು, ಆಮೇಲೆ ಮಾತು. ಕಾಗದ ಮಡಚಲು ಬಳಸುವ ಒಂದು ಮೂಳೆಯ ಪಟ್ಟಿ ಕೈಯಿಂದ ಕೈಗೆ ಹೋಗುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರು ಹೇಳಬೇಕು. ಹದಿನೆಂಟು ವರ್ಷದಿಂದ ಅದು ಸುತ್ತು ಬಂದು ತನ್ನ ಕೈ ಸೇರಿದಾಗಲೆಲ್ಲ ವರ್ನೆಟಾ ಒಂದೇ ಕಥೆ ಹೇಳಿದ್ದಾಳೆ. ಕೆಲಸಕ್ಕೆ ಸೇರಿದ ವರ್ಷ ಹಳೆಯ ಮೇಯರೊಬ್ಬರ ಭಾವಚಿತ್ರದ ಮೇಲೆ ಕಾಫಿ ಚೆಲ್ಲಿದ್ದು, ಮೇಯರಿಗೆ ಮೀಸೆ ಬಂದದ್ದು. ಎಲ್ಲರೂ ನಗುತ್ತಾರೆ. ಕಥೆ ನಿಜವೇ. ನಿಜವಾದದ್ದರ ಹಿಂದೆ ಅಡಗಿ ಕೂರುವುದು ಇಷ್ಟು ಸುಲಭ ಎಂದು ಅವಳಿಗೆ ಗೊತ್ತಿರಲಿಲ್ಲ.

ಕಾರಿನ ಗಾಜಿಗೆ ಯಾರೋ ಬಡಿದರು. ಸಮಿತಿಯ ರೊಹೆಲ್ಯೊ. ಫಿಲಿಪೀನ್ಸಿನಿಂದ ಬಂದವರ ಮಗ, ನಲವತ್ತು ದಾಟಿದವನು, ಕೈಯಲ್ಲಿ ಖಾಲಿ ಕಾಗದಪೆಟ್ಟಿಗೆಗಳ ಗೋಪುರ.

"ಏನ್ ಕಾಫಿ ಅಕ್ಕ, ಕಾರಲ್ಲೇ ಪ್ರಾರ್ಥನೆ ಮುಗಿಸ್ತೀರಾ? ಒಳಗೆ ಚರ್ಚೇ ಇದೆ, ಪುಕ್ಕಟೆ."

"ಹೋಗೋ ಮಾರಾಯ, ಬಂದೆ."

"ಬೇಗ ಬನ್ನಿ. ಮದರ್ ಗ್ರೂಮ್ಸ್ ಆಗ್ಲೇ ಬಂದ್ ಕೂತಿದಾರೆ. 'ಟಿಲ್ಲರಿ ಮಗಳು ಬಂದ್ಲಾ' ಅಂತ ಎರಡು ಸಲ ಕೇಳಿದ್ರು."

ಎರಡು ಸಲ. ವರ್ನೆಟಾ ಕಾರಿನ ಬಾಗಿಲು ತೆರೆದಳು.

ಲೂವೀನಿಯ ಗ್ರೂಮ್ಸ್‌ಳನ್ನು ಆ ಚರ್ಚಿನವರೆಲ್ಲ ಮದರ್ ಎಂದೇ ಕರೆಯುವುದು. ತೊಂಬತ್ತನಾಲ್ಕು ವರ್ಷ. ಬಿಳಿಯ ಉಡುಪು, ಬಿಳಿಯ ಟೋಪಿ, ಗಾಲಿಕುರ್ಚಿಯಲ್ಲೂ ನೆಟ್ಟಗಿನ ಬೆನ್ನು. ಕಪ್ಪು ಜನರಿಗೆ ಚಟ್ಟನೂಗ ಊರಿನ ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗದ ಕಾಲದಲ್ಲಿ ಈ ಚರ್ಚಿನ ಆರೈಕೆ ಮಂಡಳಿ ನಡೆಸಿದವಳು ಅವಳು. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಹಾಸಿಗೆ ಹಿಡಿದವರ ಹೆಸರು ಒಂದೊಂದು ಚೀಟಿಯಲ್ಲಿ, ಅವರ ಬಳಿ ಕೂತು ರಾತ್ರಿ ಕಳೆಯಲು ಒಪ್ಪಿದವರ ಹೆಸರು ಒಂದೊಂದು ಚೀಟಿಯಲ್ಲಿ. ಚೀಟಿಯಲ್ಲಿ ಹೆಸರು, ಬೀದಿ, ತಾರೀಖು ಬಿಟ್ಟರೆ ಮತ್ತೇನೂ ಇರಲಿಲ್ಲ. ನರಳುವವರ ಚೀಟಿ ಕೆಳಗೆ, ನೋಡಿಕೊಳ್ಳುವವರ ಚೀಟಿ ಮೇಲೆ, ಎರಡಕ್ಕೂ ಸೇರಿ ಒಂದು ಗುಂಡುಸೂಜಿ. ಆ ಸೂಜಿಯೇ ಮಾತು. ಅದನ್ನು ಓದಬಲ್ಲವರಿಗೆ ಬೇರೆ ಬರಹ ಬೇಕಿರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತನಾಲ್ಕರಲ್ಲಿ ಆ ಚೀಟಿಗಳು ಬೂಟಿನ ಪೆಟ್ಟಿಗೆಗಳಲ್ಲಿ ಊರಾಚೆಯ ದೊಡ್ಡ ಪತ್ರಾಗಾರಕ್ಕೆ ಬಂದಾಗ ವರ್ನೆಟಾಗೆ ಇಪ್ಪತ್ತೆಂಟು. ಆ ಕಟ್ಟಡದಲ್ಲಿ ಮೇಜು ಪಡೆದ ಮೊದಲ ಕಪ್ಪು ಹೆಂಗಸು. ಅದಕ್ಕೂ ಮೊದಲು ಅಲ್ಲಿದ್ದ ಕಪ್ಪು ಹೆಂಗಸರೆಲ್ಲ ಸಂಜೆ ಆರರ ಮೇಲೆ ಬರುತ್ತಿದ್ದರು, ನೆಲ ಒರೆಸಲು. ಮೇಲಧಿಕಾರಿ ಅವಳ ಹಿಂದೆ ಬಂದು ನಿಂತು, ಶುಕ್ರವಾರದೊಳಗೆ ನೀಟಾಗಿರಬೇಕು ಎಂದ. ತುಕ್ಕು ಕಾಗದವನ್ನು ತಿನ್ನುತ್ತದೆ, ಲೋಹವನ್ನೆಲ್ಲ ತೆಗೆಯಬೇಕು, ಇದು ಆ ಕೆಲಸದಲ್ಲಿ ಮೊದಲ ದಿನ ಕಲಿಸುವ ಪಾಠ. ಬಂದ ಕಾಗದದ ಕ್ರಮ ಕೆಡಿಸಬಾರದು, ಇದು ಎರಡನೆಯ ದಿನದ ಪಾಠ. ಅವಳು ಮೊದಲನೆಯದನ್ನು ಮಾಡಿದಳು. ಸೂಜಿಗಳು ಒಂದು ಗಾಜಿನ ಬಟ್ಟಲಿನಲ್ಲಿ ಕಿಣಿಕಿಣಿ ಬೀಳುತ್ತಿದ್ದವು. ಸಾವಿರದ ನಾನೂರು ಚೀಟಿಗಳನ್ನು ಹೆಸರಿನ ಅಕ್ಷರದ ಪ್ರಕಾರ ಜೋಡಿಸಿ, ಪೆಟ್ಟಿಗೆಗಳ ಮೇಲೆ 'ಹಾಸಿಗೆ ಹಿಡಿದವರು' ಎಂದು ಬರೆದಳು. ಶುಕ್ರವಾರ ಮೇಲಧಿಕಾರಿ ಅವಳ ಹೆಗಲು ತಟ್ಟಿದ. ಮುಂದಿನ ತಿಂಗಳು ಮದರ್ ಗ್ರೂಮ್ಸ್ ನೋಡಲು ಬಂದಳು. ಪೆಟ್ಟಿಗೆಯೊಳಗೆ ಕೈಯಿಟ್ಟಳು, ಬೆರಳುಗಳು ಏನನ್ನೋ ಹುಡುಕಿದವು, ನಿಂತವು. ಆಮೇಲೆ ತಲೆಯೆತ್ತಿ ವರ್ನೆಟಾಳನ್ನು ನೋಡಿದಳು, ಅವಳ ಹಿಂದೆ ನಿಂತವನನ್ನು ನೋಡಿದಳು. "ಭಾಳ ನೀಟಾಗಿಟ್ಟಿದೀಯ ಮಗಳೇ," ಎಂದಳು. ಆ ಮಾತಿಗೂ ಅದರ ಮೊದಲಿನ ಮೌನಕ್ಕೂ ನಡುವೆ ಇದ್ದ ಸಂದಿನಲ್ಲಿ ವರ್ನೆಟಾ ಮೂವತ್ತು ವರ್ಷ ವಾಸ ಮಾಡಿದ್ದಾಳೆ. ಆ ದಿನವೇ ಅವಳಿಗೆ ಅರ್ಥವಾಯಿತು. ಒಂದು ಸಾಲಿನ ಟಿಪ್ಪಣಿ ಬರೆದಿಟ್ಟಿದ್ದರೂ ಸಾಕಿತ್ತು: ಚೀಟಿಗಳು ಜೋಡಿಯಾಗಿದ್ದವು, ನಾನು ಬಿಡಿಸಿದೆ. ಬರೆಯಲಿಲ್ಲ. ಮೊದಲು ಕೆಲಸ ಹೋದೀತೆಂದು, ಆಮೇಲೆ ಹೆಸರು ಹೋದೀತೆಂದು, ಆಮೇಲೆ ಇಷ್ಟು ತಡವಾಗಿ ಯಾಕೆಂದು.

ಹೋದ ವಸಂತದಲ್ಲಿ ಪತ್ರಾಗಾರದವರು ಪೆಟ್ಟಿಗೆಗಳನ್ನು ಚರ್ಚಿಗೆ ಮರಳಿಸಿದರು. ಪಟ್ಟಿ ಮಾಡಲು ಬಂದವಳು ಮದರ್ ಗ್ರೂಮ್ಸಳ ಮೊಮ್ಮಗಳು ಶಾಂಟೆಲ್, ಇಪ್ಪತ್ತೇಳು ವರ್ಷ, ಒಂದು ಗ್ರಂಥಾಲಯದಲ್ಲಿ ತರಬೇತಿಯಲ್ಲಿದ್ದವಳು. ಸಮಿತಿ ಅವಳ ಕೈಯನ್ನು ಯಾರ ಕೈಗೆ ಕೊಟ್ಟಿತು? ಹೆಸರುಗಳನ್ನು ಟೋಪಿಯಲ್ಲಿ ಹಾಕಿ ಎತ್ತಿದವನು ರೊಹೆಲ್ಯೊ, ಬಂದದ್ದು ವರ್ನೆಟಾಳ ಹೆಸರು. ದೇವರ ಕೈ ಯಾವ ಯಾವ ಟೋಪಿಯೊಳಗೆ ಇರುತ್ತದೆಂದು ಹೇಳಲಾಗದು. ಮೂರು ತಿಂಗಳಿಂದ ಶಾಂಟೆಲ್ ಅವಳಿಗೆ ವಾರಕ್ಕೊಂದು ಪತ್ರ ಬರೆಯುತ್ತಿದ್ದಳು. ಅಜ್ಜಿ ಇವರಲ್ಲಿ ಅರ್ಧ ಜನ ರೋಗಿಗಳೇ ಅಲ್ಲ ಅಂತಾಳೆ, ಕಾಗದದಲ್ಲಿ ಹಾಗೇನೂ ಇಲ್ಲ, ಏನು ಮಾಡಲಿ? ವರ್ನೆಟಾ ಪ್ರತಿಸಲ ಜಾಗರೂಕವಾದ, ಪ್ರೀತಿ ತುಂಬಿದ, ಏನನ್ನೂ ಹೇಳದ ಉತ್ತರ ಬರೆದಳು. ಪಟ್ಟಿಯಲ್ಲಿ ಪ್ರತಿ ಚೀಟಿಯ ಕಲೆ, ಹರುಕು, ಮಡಿಕೆಗಳನ್ನು ಬರೆಯಲು ಹುಡುಗಿ ಒಂದು ಅಂಕಣ ಮಾಡಿದ್ದಳು. ಅದು ಬೇಡ, ಹೊತ್ತು ಹಾಳು, ಎಂದೂ ವರ್ನೆಟಾ ಬರೆದಿದ್ದಳು. ಪಟ್ಟಿ ಸೋಮವಾರ ಅಚ್ಚಿಗೆ ಹೋಗಲಿತ್ತು.

ನೆಲಮಾಳಿಗೆಯಲ್ಲಿ ಹನ್ನೊಂದು ಜನ ವರ್ತುಲವಾಗಿ ಕೂತಿದ್ದರು. ಮೂಲೆಯ ಉದ್ದನೆಯ ಮೇಜಿನ ಮೇಲೆ ಚೀಟಿಗಳ ಪೆಟ್ಟಿಗೆಗಳು. ಎದುರು ಮೂಲೆಯಲ್ಲಿ ಊಟದ ಮೇಜು. ಕಾಗದಕ್ಕೂ ಎಣ್ಣೆಗೂ ನಡುವೆ ಇಷ್ಟು ದೂರ ಇರಬೇಕೆಂದು ನೆಲದ ಮೇಲೆ ಯಾರೋ ಅಂಟುಪಟ್ಟಿಯ ಗೆರೆ ಎಳೆದಿದ್ದರು. ವರ್ನೆಟಾ ಮುಂದೆ ಯಾರೋ ತಟ್ಟೆ ಇಟ್ಟರು. ಗ್ರಿಟ್ಸ್ ಎಂಬ ಜೋಳದ ರವೆಯ ಗಂಜಿ, ಸಾಸೇಜ್, ಎರಡು ಬಿಸ್ಕೆಟ್. ವರ್ತುಲದ ದಿನ ಅವಳಿಗೆ ಏನೂ ಇಳಿಯುವುದಿಲ್ಲ. ಚಮಚದಿಂದ ಗ್ರಿಟ್ಸ್ ಮೇಲೆ ಗೆರೆ ಎಳೆಯುತ್ತ ಕೂತಳು. ಗಾಲಿಕುರ್ಚಿ ವರ್ತುಲದ ಹೊರಗೆ, ಅಡುಗೆಮನೆಯ ಬಾಗಿಲ ಬಳಿ ಇತ್ತು. ಮದರ್ ಗ್ರೂಮ್ಸ್ ಅವಳತ್ತ ನೋಡಿ ತಲೆದೂಗಿದಳು.

ರೊಹೆಲ್ಯೊ ಮೂಳೆಯ ಪಟ್ಟಿಯನ್ನು ಮೇಲೆತ್ತಿದ. "ಮೊದಲು ತಪ್ಪು, ಆಮೇಲೆ ಮಾತು. ಇವತ್ತು ಹೊಸಬರಿಂದ ಶುರು. ಶಾಂಟೆಲ್, ತಗೋ. ಹೆದರ್ಬೇಡ, ಇಲ್ಲಿ ಮೇಯರಿಗೆ ಮೀಸೆ ಬರಿಸಿದವರೇ ಇದಾರೆ."

ನಗು. ಶಾಂಟೆಲ್ ನಗಲಿಲ್ಲ. ಎದ್ದು ನಿಂತಳು.

"ನನ್ನ ತಪ್ಪು ಅಂದ್ರೆ, ಮೂರು ತಿಂಗಳು ಹಾಳು ಮಾಡ್ಕೊಂಡೆ. ಅಜ್ಜಿ ಹೇಳಿದ್ದು ನಂಬ್ಕೊಂಡು ಕಾಗದದಲ್ಲಿ ಇಲ್ದೇ ಇರೋದನ್ನ ಹುಡುಕ್ತಾ ಕೂತೆ. ಹೋಸಿಯ ಲೈಲ್ ಅಂತ ಒಬ್ರು ಡೀಕನ್, ಈ ಚರ್ಚಿನ ಹಿರಿಯ ಸೇವಕರು. ಮೂವತ್ತೊಂದು ಸಲ ಹಾಸಿಗೆ ಹಿಡಿದಿದಾರೆ ಚೀಟಿ ಪ್ರಕಾರ. ಅಜ್ಜಿ ನಗ್ತಾಳೆ, ಅವನಿಗೆ ಜನ್ಮದಲ್ಲಿ ನೆಗಡಿನೂ ಬಂದಿಲ್ಲ ಅಂತ. ನಮ್ಮ ಗ್ರಂಥಾಲಯದಲ್ಲಿ ಹೇಳಿದೆ. 'ಮುದುಕರ ನೆನಪು, ಪಾಪ' ಅಂದ್ರು. ಎಲ್ರೆದುರಿಗೆ. ಮನೆಗೆ ಬಂದು ನಾನೂ ಅದನ್ನೇ ಅಂದೆ. ಅಜ್ಜಿ, ನಿಂಗೆ ಮರ್ತೋಗಿದೆ, ಬಿಟ್ಬಿಡು ಅಂದೆ." ಅವಳು ಮೂಳೆಯ ಪಟ್ಟಿಯನ್ನು ತಿರುಗಿಸಿದಳು. "ಕಾಗದ ಹೇಳಿದ್ದನ್ನೇ ಕೇಳ್ಬೇಕು. ಕಲ್ತೆ. ಆದ್ರೂ ಈ ಕೆಲಸ ಮುಂದುವರಿಸ್ತೀನೋ ಇಲ್ವೋ ಗೊತ್ತಿಲ್ಲ."

ಯಾರೋ ಮೆಲ್ಲಗೆ ಆಮೆನ್ ಅಂದರು, ಅಭ್ಯಾಸಬಲದಿಂದ. ಬಾಗಿಲ ಬಳಿ ಮದರ್ ಗ್ರೂಮ್ಸ್ ಕೆಳಗೆ ನೋಡಿ ತನ್ನ ಉಡುಪಿನ ಮಡಿಲನ್ನು ಅಂಗೈಯಿಂದ ಸವರಿ ಸರಿಪಡಿಸಿದಳು. ಸರಿಯಾಗಿಯೇ ಇದ್ದ ಬಟ್ಟೆಯನ್ನು ಇನ್ನೊಮ್ಮೆ ಸವರಿದಳು. ತೊಂಬತ್ತನಾಲ್ಕು ವರ್ಷದ ಹೆಂಗಸು, ಅವಳೇ ಕಟ್ಟಿದ ಮಂಡಳಿಯ ನೆಲದ ಮೇಲೆ, ಮರೆವಿನವಳಾಗಿ ಕೂತಿದ್ದಳು. ವರ್ನೆಟಾಗೆ ತಾನು ಹೊತ್ತ ಆ ತಟ್ಟೆ ನೆನಪಾಯಿತು, ಅದರ ಅಂಚಿನ ಕೆಂಪು ಸಾರು, ತನ್ನ ಎರಡೂ ಹೆಬ್ಬೆರಳು ಅದರಲ್ಲಿ ಅದ್ದಿದ್ದು. ಯಾರೋ ತನಗೆ ಕೊಟ್ಟ ತಟ್ಟೆಯನ್ನು ತಾನು ಈ ಮುದುಕಿಯ ಮಡಿಲಿಗೆ ಇಟ್ಟಿದ್ದೆ, ಮೂವತ್ತು ವರ್ಷ ಹಿಡಿದುಕೊಂಡಿರು ಎಂದು. ಮೂಳೆಯ ಪಟ್ಟಿ ಅವಳ ಕೈಗೆ ಬಂದಿತ್ತು. ತಣ್ಣಗಿತ್ತು, ನುಣುಪಾಗಿತ್ತು. ಎಲ್ಲರ ಮುಖವೂ ಕಾಫಿಯ ಕಥೆಗೆ ಅಣಿಯಾಗಿತ್ತು. ರೊಹೆಲ್ಯೊ ಆಗಲೇ ಮೂಗಿನ ಕೆಳಗೆ ಬೆರಳಿಟ್ಟು ಮೀಸೆ ಮಾಡಿಕೊಂಡಿದ್ದ.

"ಕಾಫಿ ಕಥೆ ಬೇಡ," ಎಂದಳು ವರ್ನೆಟಾ. ಧ್ವನಿ ಅವಳಿಗೇ ಬೇರೆಯವರದೆನ್ನಿಸಿತು. "ಮದರ್ ಗ್ರೂಮ್ಸ್ ಏನೂ ಮರ್ತಿಲ್ಲ. ಆ ಚೀಟಿಗಳು ಜೋಡಿಯಾಗಿದ್ವು. ಒಂದು ಮಲಗಿದವರದು, ಒಂದು ಪಕ್ಕದಲ್ಲಿ ಕೂತವರದು. ಸೂಜಿ ಹಾಕಿತ್ತು. ಸೂಜಿ ತೆಗೆದವಳು ನಾನು. ಅಕ್ಷರದ ಪ್ರಕಾರ ಇಟ್ಟವಳೂ ನಾನೇ. ಆಮೇಲೆ ಗೊತ್ತಾಯ್ತು. ಗೊತ್ತಾಗಿಯೂ ಎಲ್ಲೂ ಬರೀಲಿಲ್ಲ."

ರೊಹೆಲ್ಯೊನ ಬೆರಳು ಮೂಗಿನ ಕೆಳಗೇ ಉಳಿಯಿತು. ಆಮೇಲೆ ಇಳಿಯಿತು.

"ನೀವಾ?" ಎಂದಳು ಶಾಂಟೆಲ್.

"ನಾನು."

"ನಾನು ವಾರವಾರ ಕಾಗದ ಬರೀತಿದ್ದೆ ನಿಮಗೆ. 'ತಾಳ್ಮೆಯಿರಲಿ ಕಂದಾ' ಅಂತ ಉತ್ತರ ಬರ್ದಿದ್ರಿ. ಕಂದಾ ಅಂತೆ! ಹನ್ನೆರಡು ಸಲ ಬರ್ದಿದ್ರಿ. ನಾನು ನಮ್ಮಜ್ಜಿಗೆ ತಲೆ ಕೆಟ್ಟಿದೆ ಅಂದ್ಕೊಂಡೆ, ನೀವು ನೋಡ್ತಾ ಕೂತಿದ್ರಿ."

"ಹೌದು."

"ಹೌದು ಅಂತೀರಲ್ಲ, ಅಷ್ಟೇನಾ?"

ಅಷ್ಟೇ. ಇದಕ್ಕಿಂತ ಹೆಚ್ಚು ಹೇಳಿದರೆ ಅದು ತನ್ನ ಪರ ವಾದವಾಗುತ್ತದೆಂದು ವರ್ನೆಟಾಗೆ ಗೊತ್ತಿತ್ತು. ಮೇಲಧಿಕಾರಿ, ಶುಕ್ರವಾರ, ಮೊದಲ ಮೇಜು ಯಾವುದನ್ನೂ ಎತ್ತಲಿಲ್ಲ. ವಿಚಿತ್ರವೆಂದರೆ ಅವಮಾನ ಬರಲಿಲ್ಲ. ಅದು ಬರುವ ಜಾಗದಲ್ಲಿ ಕಿಟಕಿ ತೆರೆದಂತೆ ಒಂದು ತಂಪು. ಎಲ್ಲರೂ ತನ್ನನ್ನು ನೋಡುತ್ತಿದ್ದಾರೆ, ಮೊದಲ ಸಲ ತನ್ನನ್ನೇ ನೋಡುತ್ತಿದ್ದಾರೆ.

ಗಾಲಿಕುರ್ಚಿಯ ಚಕ್ರ ಕಿರ್ರೆಂದಿತು. "ಶಾಂಟೆಲ್, ಸಾಕು. ನನ್ನ ಅಲ್ಲಿಗೆ ತಳ್ಳು."

ಹುಡುಗಿ ತಳ್ಳಿದಳು, ತುಟಿ ಬಿಗಿದುಕೊಂಡು. ಮದರ್ ಗ್ರೂಮ್ಸ್ ವರ್ನೆಟಾಳ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಬಂದಳು. ಪುದೀನ ಮಿಠಾಯಿಯ ವಾಸನೆ.

"ಆವತ್ತೇ ನೋಡ್ದೆ ನಾನು," ಎಂದಳು. "ಕೈ ಹಾಕಿದ ಕೂಡ್ಲೇ. ನಿನ್ನ ಹಿಂದೆ ಅವನು ನಿಂತಿದ್ದ, ಕೈ ಕಟ್ಕೊಂಡು. ನಾನು ಬಾಯಿ ಬಿಟ್ಟಿದ್ರೆ ಸಂಜೆಗೆ ನಿನ್ನ ಕುರ್ಚಿ ಖಾಲಿ. ನಮ್ಮೋರು ಒಬ್ಳು ಆ ಕುರ್ಚೀಲಿ ಕೂತಿದ್ದನ್ನ ನಾನು ಕಂಡಿದ್ದು ಅದೇ ಮೊದಲು. ಕಾಗದ ಕಾಯುತ್ತೆ ಅಂದ್ಕೊಂಡೆ. ನೀನು ಬಂದು ಹೇಳ್ತೀಯ ಅಂತಾನೂ ಅಂದ್ಕೊಂಡೆ."

"ಮೂವತ್ತು ವರ್ಷ ಮದರ್."

"ಎಣಿಸಿದೀನಿ. ನಿಧಾನದ ಹುಡುಗಿ ನೀನು." ಸುತ್ತಲಿದ್ದವರು ನಗಬೇಕೋ ಬೇಡವೋ ತಿಳಿಯದೆ ಅರ್ಧ ನಕ್ಕರು. "ಭಾಳ ದಿನ ಸಿಟ್ಟಿತ್ತು. ಪ್ರಾರ್ಥನೆ ಮಾಡುವಾಗ ನಿನ್ನ ಹೆಸರು ಬಂದ್ರೆ ಹಾರಿಸ್ತಿದ್ದೆ. ಆಮೇಲೆ ಒಂದಿನ ಹಾರಿಸೋಕೆ ಆಗ್ಲಿಲ್ಲ. ಈಗ ಹೇಳಿದೀಯಲ್ಲ, ಮುಗೀತು."

"ಮುಗೀಲಿಲ್ಲ ಅಜ್ಜಿ," ಎಂದಳು ಶಾಂಟೆಲ್. "ಇವರು ಹೇಳಿದ್ರೆ ಏನಾಯ್ತು? ಯಾವುದರ ಜೊತೆ ಯಾವುದಿತ್ತು ಅಂತ ಹೇಗೆ ಗೊತ್ತಾಗುತ್ತೆ? ಸಾವಿರದ ನಾನೂರು ಚೀಟಿ. ನಿಂಗೆ ಎಷ್ಟು ನೆನಪಿದೆ?"

"ಒಂದಿಪ್ಪತ್ತು ಮೂವತ್ತು. ಉಳಿದದ್ದು ದೇವರಿಗೆ ಗೊತ್ತು."

"ದೇವರನ್ನ ಪಟ್ಟಿಯಲ್ಲಿ ಹಾಕೋಕಾಗಲ್ಲ ಅಜ್ಜಿ."

ಶಾಂಟೆಲ್ ಸಿಟ್ಟಿನಿಂದಲೇ ಮೇಜಿನ ಬಳಿ ಹೋಗಿ ತನ್ನ ಪಟ್ಟಿಯ ಹಾಳೆಗಳನ್ನು ಕೆಳಕ್ಕೆ ಬಡಿದಳು, ಹರಿದು ಹಾಕುವವಳಂತೆ. ಆಮೇಲೆ ಅವಳ ಕೈ ನಿಂತಿತು. ಒಂದು ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಇನ್ನೊಂದು ಹಾಳೆ ತಿರುವಿದಳು. "ಎಡ ಮೂಲೆ, ಅರ್ಧ ಅಂಗುಲ ಕೆಳಗೆ, ತುಕ್ಕು, ದುಂಡು ಕಲೆ." ಮತ್ತೆ ತಿರುವಿದಳು. "ಎಡ ಮೂಲೆ, ಅರ್ಧ ಅಂಗುಲ, ತುಕ್ಕು, ಉದ್ದ ಗೆರೆ. ಎರಡೂ ಒಂದೇ ತಾರೀಖು." ಅವಳ ಧ್ವನಿ ಸಣ್ಣದಾಯಿತು. "ಎಲ್ಲ ಚೀಟಿಗೂ ಬರ್ದಿದೀನಿ. ಎಲ್ಲದಕ್ಕೂ."

ವರ್ತುಲ ಕದಡಿಹೋಯಿತು. ವರ್ನೆಟಾ ಎದ್ದಳು, ಮೂಳೆಯ ಪಟ್ಟಿ ಕೈಯಲ್ಲೇ ಇತ್ತು. ಸೂಜಿಯ ತಲೆ ಒತ್ತಿದ್ದು ಮೇಲಿನ ಚೀಟಿಯಲ್ಲಿ, ಆದ್ದರಿಂದ ದುಂಡು. ಸೂಜಿಯ ಮೈ ಮಲಗಿದ್ದು ಕೆಳಗಿನದರ ಬೆನ್ನಿನಲ್ಲಿ, ಆದ್ದರಿಂದ ಗೆರೆ. ದುಂಡು ಕಲೆಯಿರುವವರು ಪಕ್ಕದಲ್ಲಿ ಕೂತವರು, ಗೆರೆಯಿರುವವರು ಮಲಗಿದವರು. ಯಾವ ತುಕ್ಕಿಗೆ ಹೆದರಿ ಅವಳು ಸೂಜಿ ಕಿತ್ತಳೋ ಆ ತುಕ್ಕು ಕೀಳುವ ಮೊದಲೇ ಎಲ್ಲವನ್ನೂ ಬರೆದಿಟ್ಟಿತ್ತು. ಬೇಡ, ಹೊತ್ತು ಹಾಳು ಎಂದಿದ್ದಳು ತಾನು, ಹುಡುಗಿ ಕೇಳಿರಲಿಲ್ಲ. ಆಕೆ ಮಾತು ಕೇಳದಿದ್ದದ್ದಕ್ಕೆ ವರ್ನೆಟಾ ಮನಸ್ಸಿನಲ್ಲೇ ಸ್ತೋತ್ರ ಹೇಳಿದಳು.

"ಹೋಸಿಯ ಲೈಲ್ ತೆಗಿ," ಎಂದಳು ಮದರ್ ಗ್ರೂಮ್ಸ್.

ರೊಹೆಲ್ಯೊ ಎಲ್ಲರಿಗೂ ಕೈ ತೊಳೆದು ಒರೆಸಿಕೊಳ್ಳಲು ಕೂಗಿದ. ಶಾಂಟೆಲ್ ಮೂವತ್ತೊಂದು ಚೀಟಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದಳು. ದುಂಡು. ದುಂಡು. ದುಂಡು. ಅವಳು ಎಣಿಸುತ್ತ ಹೋದಂತೆ ಕೋಣೆಯವರೆಲ್ಲ ಜೊತೆಗೆ ಹೇಳತೊಡಗಿದರು, ಚರ್ಚಿನಲ್ಲಿ ಪ್ರಸಂಗಕ್ಕೆ ಓಗೊಡುವ ಹಾಗೆ. ಮೂವತ್ತೊಂದೂ ದುಂಡು. ಡೀಕನ್ ಹೋಸಿಯ ಲೈಲ್ ಒಮ್ಮೆಯೂ ಹಾಸಿಗೆ ಹಿಡಿದಿರಲಿಲ್ಲ. ಮೂವತ್ತೊಂದು ರಾತ್ರಿ ಬೇರೆಯವರ ಹಾಸಿಗೆಯ ಪಕ್ಕ ಕೂತಿದ್ದ.

"ನೆಗಡಿನೂ ಬಂದಿಲ್ಲ ಅಂದೆನಲ್ಲ ನಾನು," ಎಂದಳು ಮದರ್ ಗ್ರೂಮ್ಸ್. "ಗೊರಕೆ ಮಾತ್ರ ಹೊಡೀತಿದ್ದ. ರೋಗಿಗಳೇ ಎಬ್ಬಿಸ್ಬೇಕಿತ್ತು."

ಶಾಂಟೆಲ್ ಅಜ್ಜಿಯ ಟೋಪಿಗೆ ಮುಖ ಒತ್ತಿ ಏನೋ ಹೇಳಿದಳು. ಯಾರಿಗೂ ಕೇಳಿಸಲಿಲ್ಲ. ಕೇಳಿಸಬೇಕಾದ್ದೂ ಇರಲಿಲ್ಲ. "ಟೋಪಿ ಜಜ್ಜಬೇಡ ಕಣೇ," ಎಂದಳು ಮುದುಕಿ, ಆದರೆ ಕೈ ಮೊಮ್ಮಗಳ ಬೆನ್ನ ಮೇಲಿತ್ತು.

ಸ್ವಲ್ಪ ಹೊತ್ತಿನ ಮೇಲೆ ಶಾಂಟೆಲ್ ಒಂದು ಖಾಲಿ ಹಾಳೆಯನ್ನೂ ಪೆನ್ಸಿಲನ್ನೂ ತಂದು ವರ್ನೆಟಾಳ ಮುಂದೆ ಇಟ್ಟಳು. ಮುಖ ಸಡಿಲವಾಗಿರಲಿಲ್ಲ. "ಬರೀರಿ. ಪಟ್ಟಿಯ ಮೊದಲ ಪುಟಕ್ಕೆ. ಅಚ್ಚಿನವರಿಗೆ ನಾನು ಹೇಳ್ಕೋತೀನಿ, ಇನ್ನೊಂದು ತಿಂಗಳು ಬೇಕು ಅಂತ."

ಬರೆದಳು. ಈ ಚೀಟಿಗಳು ಜೋಡಿಯಾಗಿ ಬಂದಿದ್ದವು. ೧೯೯೪ರಲ್ಲಿ ಸೂಜಿಗಳನ್ನು ತೆಗೆದು ಕ್ರಮ ಕೆಡಿಸಿದವಳು ವರ್ನೆಟಾ ಟಿಲ್ಲರಿ. ಲೂವೀನಿಯ ಗ್ರೂಮ್ಸ್‌ರ ಹೇಳಿಕೆ ಸರಿ. ಶಾಂಟೆಲ್ ಗ್ರೂಮ್ಸ್ ದಾಖಲಿಸಿದ ತುಕ್ಕಿನ ಕಲೆಗಳಿಂದ ಜೋಡಿಗಳನ್ನು ಮತ್ತೆ ಕೂಡಿಸಲಾಗುತ್ತಿದೆ. ನಾಲ್ಕು ಸಾಲು. ಮೂವತ್ತು ವರ್ಷ ಹೊತ್ತದ್ದು ನಾಲ್ಕು ಸಾಲಿನ ತೂಕದ್ದು. ಶಾಂಟೆಲ್ ಹೆಗಲ ಮೇಲಿಂದ ಓದಿದಳು. "ಹೆಸರು ಮಸುಕಾಗಿದೆ," ಎಂದಳು. "ಒತ್ತಿ ಬರೀರಿ." ವರ್ನೆಟಾ ಒತ್ತಿ ಬರೆದಳು. "ಮುಂದಿನ ಶನಿವಾರನೂ ಬರ್ಬೇಕು ನೀವು," ಎಂದಳು ಹುಡುಗಿ, ಬೇರೆ ಕಡೆ ನೋಡುತ್ತ. "ಅದರ ಮುಂದಿನದ್ದೂ. ಏಳುನೂರು ಜೋಡಿ ಇವೆ."

ಹನ್ನೊಂದರ ಹೊತ್ತಿಗೆ ಮೇಜಿನ ತುಂಬ ಚೀಟಿಗಳು. ಎರಡೆರಡಾಗಿ, ಅಡ್ಡಡ್ಡವಾಗಿ, ಒಂದರ ಮೇಲೊಂದು ಒರಗಿ, ಕುರ್ಚಿಗಳ ಮೇಲೂ, ಪಿಯಾನೋದ ಮುಚ್ಚಳದ ಮೇಲೂ. ಅಕ್ಷರದ ಕ್ರಮವೆಲ್ಲ ಚೆಲ್ಲಾಪಿಲ್ಲಿಯಾಗಿತ್ತು. ವರ್ನೆಟಾಗೆ ಇದ್ದಕ್ಕಿದ್ದಂತೆ ಹೊಟ್ಟೆಯೊಳಗೆ ಏನೋ ಹಿಂಡಿದಂತಾಯಿತು. ಮೊದಲು ಅದು ಹಳೆಯ ಭಯವೆಂದೇ ತಿಳಿದಳು. ಆಮೇಲೆ ಗೊತ್ತಾಯಿತು, ಹಸಿವು. ಅಂಟುಪಟ್ಟಿಯ ಗೆರೆ ದಾಟಿ ಹೋಗಿ ತನ್ನ ತಟ್ಟೆಯ ಮುಂದೆ ಕೂತಳು. ಗ್ರಿಟ್ಸ್ ತಣ್ಣಗಾಗಿ ಗಟ್ಟಿಯಾಗಿತ್ತು, ಅದರ ಮೇಲೆ ಬೆಳಿಗ್ಗೆ ತಾನು ಚಮಚದಲ್ಲಿ ಎಳೆದ ಗೆರೆಗಳು ಹಾಗೇ ಇದ್ದವು. ಎಲ್ಲವನ್ನೂ ತಿಂದಳು. ಎರಡನೆಯ ಬಿಸ್ಕೆಟನ್ನು ಸಾಸೇಜಿನ ಎಣ್ಣೆಯಲ್ಲಿ ಒರೆಸಿ ತಿಂದಳು.

ಕೈ ತೊಳೆದು ಬಂದಾಗ ಮದರ್ ಗ್ರೂಮ್ಸ್ ಒಬ್ಬಳೇ ಮೇಜನ್ನು ನೋಡುತ್ತ ಕೂತಿದ್ದಳು. ಗೋಡೆಯಿಂದ ಗೋಡೆಗೆ ಹರಡಿದ ಆ ಗಲೀಜಿನ ಮೇಲೆ ಅವಳ ಕಣ್ಣು ನಿಧಾನವಾಗಿ ಓಡಾಡಿತು, ಒಂದೊಂದು ಮನೆಯ ಬಾಗಿಲನ್ನೂ ತಟ್ಟುತ್ತ ಹೋಗುವ ಹಾಗೆ.

"ಇವತ್ತು ಒಂಚೂರೂ ನೀಟಾಗಿಲ್ಲ ಮಗಳೇ," ಎಂದಳು, ತೃಪ್ತಿಯಿಂದ.